ಮದ್ದಿಗೆ ಅಡ್ಡಬಂದ ಆಣೆ

ನಾವುಂದದ ನಮ್ಮ ಮನೆಯಲ್ಲಿ ದೈವದ ಗುಡಿಯೆದುರು ಮಾಡಿದ ಆಣೆಗೆ ಎರಡು ಮಾತಿರಲಿಲ್ಲ. ಮಾಡಿದವನೇ ಮುರಿಯಲಿ, ಮನೆಯವರು ಮುರಿಸಲಿ, ಕೇಡು ಇಡೀ ಮನೆಗೆ. ಅಣ್ಣ ಗಂಧಪ್ರಸಾದ ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದ ದಿನ ಅಮ್ಮ ಸಮಾಧಾನದಿಂದ ಅತ್ತಳು.

ಆಗ ಜಿಲ್ಲೆಯಲ್ಲಿ ಪಾನನಿರೋಧವಿತ್ತು. ಆಣೆಗೆ ಮುಂಚೆ ಅದರಿಂದ ಅಣ್ಣನ ಕುಡಿತವೇನೂ ನಿಂತಿರಲಿಲ್ಲ. ಕಳ್ಳಭಟ್ಟಿ ಸಿಕ್ಕದ ದಿನ ಔಷಧದ ಅಂಗಡಿಯಿಂದ ಶುಂಠಿ ಟಿಂಚರು ತರಿಸಿ ನೀರು ಬೆರೆಸಿ ಕುಡಿಯುತ್ತಿದ್ದ. ಅದನ್ನು ಕಂಡೂ ಕಂಡೂ, ಬಾಟಲಿಯಲ್ಲಿ ಬರುವ ಕಟುವಾಸನೆಯ ಮದ್ದೆಲ್ಲ ಅಮ್ಮನ ಲೆಕ್ಕಕ್ಕೆ ಹೆಂಡವೇ ಆಗಿತ್ತು.

ನಾನು ಶಿಕ್ಷಕಿಯ ತರಬೇತಿ ಮುಗಿಸಿ ಶಾಲೆಗೆ ಸೇರಿದ್ದ ಹೊಸತು. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು. ಆಣೆಯಾದ ಮೇಲೆ ಅಣ್ಣನಿಗೂ ಅದೇ ಕ್ರಮ ಹಾಕಿಕೊಟ್ಟೆ: ಬೆಳಿಗ್ಗೆ ಸ್ನಾನ, ಗಂಜಿ, ತೆಂಗಿನ ಬುಡಗಳಿಗೆ ನೀರು. ಮೊದಲ ದಿನ ನಡೆಯಿತು. ಮರುದಿನ ಅವನ ಕೈ ನಡುಗಿ ಗಂಜಿಯೆಲ್ಲ ಎದೆಯ ಮೇಲೆ ಚೆಲ್ಲಿತು. ಅದರ ಮರುದಿನ, ಗೋಡೆಯ ತುಂಬ ಏಡಿ ಹರಿಯುತ್ತಿವೆ ಎಂದು ಹಿಡಿಸೂಡಿ ಪೊರಕೆ ತೆಗೆದುಕೊಂಡು ಬಡಿಯತೊಡಗಿದ.

“ದೈವ ಮೈಮೇಲೆ ಬಂದದ್ದ್. ದರ್ಶನದ ಪಾತ್ರಿಗೆ ಹೇಳಿ ಕಳ್ಸಿ” ಎಂದಳು ಅಮ್ಮ.

ಅತ್ತಿಗೆ ಕೇಳಲಿಲ್ಲ. ನನ್ನನ್ನು ಬಸ್ಸು ಹತ್ತಿಸಿ ಕುಂದಾಪುರದಿಂದ ಡಾಕ್ಟರನ್ನು ಕರೆಸಿದಳು. ಅವರು ನೋಡಿ, “ಇಷ್ಟ್ ವರ್ಷದ ಕುಡಿತ ಒಮ್ಮೆಗೇ ನಿಲ್ಸಿದ್ದಕ್ಕೆ ಹೀಂಗಾಯ್ತ್. ಈ ಮದ್ದ್ ಕೊಟ್ಟ್ ಮಲ್ಗ್ಸಿ. ಇಲ್ದಿದ್ರೆ ಜೀವ ಹೋತ್ತ್” ಎಂದರು.

ಕುಡಿತ ಬಿಡಿಸುವುದಕ್ಕೆಂದೇ ಎಲ್ಲಾದರೂ ಆಸ್ಪತ್ರೆ ಇದೆಯೇ ಎಂದು ಕೇಳಿದೆ.

“ನಮ್ ಬದಿಯಲ್ ಇಲ್ಲ. ಬೆಂಗ್ಳೂರಿನ ಹುಚ್ಚಾಸ್ಪತ್ರಿಗೇ ಹೋಯ್ಕ್. ಅಲ್ಲಿಗೆ ಮುಟ್ಟುವರಿಗೆ ಇವ್ರ್ ಉಳಿಕಲೆ.”

ಡಾಕ್ಟರು ಹೋದ ಮೇಲೆ ಅಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಮುಚ್ಚಿ ಸೆರಗಿನಡಿ ಇಟ್ಟುಕೊಂಡಳು.

“ಇದೂ ಅದೇ. ಕೊಡುಕಾಗ.”

“ಅತ್ತೆ, ಇದ್ ಮದ್ದ್” ಎಂದಳು ಅತ್ತಿಗೆ.

“ಟಿಂಚರೂ ಮದ್ದೇ ಅಲ್ದಾ ಹೆಣೆ? ಅಂಗ್ಡಿಯವ ಮದ್ದಂದೇಳಿಯೇ ಕೊಟ್ಟದ್ದ್.”

ಅಷ್ಟರಲ್ಲಿ ಒಳಗೆ ಅಣ್ಣನಿಗೆ ಸೆಳೆತ ಬಂತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಬಾಯಲ್ಲಿ ನೊರೆ. ಅವನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಳ್ಳುವಂತೆ ಅತ್ತಿಗೆ ನನಗೆ ಹೇಳಿ, ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಗುಡಿಗೆ ಹೋದಳು. ತಪ್ಪುಕಾಣಿಕೆ ಇಟ್ಟಳು. ಕೋಣೆಯವರೆಗೂ ಕೇಳುವಂತೆ ಹೇಳಿದಳು: “ಆಣೆ ಮುರಿಯುದ್ ನಾನ್. ಕೇಡ್ ನಂಗೊಬ್ಳಿಗೇ ಬರ್ಲಿ.”

ಬಂದು ಅಮ್ಮನೆದುರು ಕೈ ಚಾಚಿ ನಿಂತಳು. ಅಮ್ಮ ಮುಖ ತಿರುಗಿಸಿಕೊಂಡೇ ಬಾಟಲಿ ಕೊಟ್ಟಳು. ಸೆಳೆತ ಇಳಿದು ಅಣ್ಣನಿಗೆ ಎಚ್ಚರ ಬಂದ ಮೇಲೆ ಅತ್ತಿಗೆ ಚಮಚದಲ್ಲಿ ಮದ್ದು ಕುಡಿಸಿದಳು.

ಅಣ್ಣ ಬದುಕಿದ. ಕೆಲವು ತಿಂಗಳು ನನ್ನ ಕ್ರಮದಂತೆಯೇ ಎದ್ದ, ಉಂಡ, ತೆಂಗಿಗೆ ನೀರೆರೆದ. ಆಮೇಲೆ ಪಾನನಿರೋಧ ಸಡಿಲವಾಯಿತು, ಪೇಟೆಯಲ್ಲಿ ಅಂಗಡಿ ತೆರೆಯಿತು. ಒಂದು ಸಂಜೆ ವಾಸನೆ ಹೊತ್ತುಕೊಂಡೇ ಮನೆಗೆ ಬಂದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು.

“ಆಣೆ ಎಂತಾಯ್ತ್?”

“ಯಾವ ಆಣೆ? ಅದನ್ ನೀನೇ ಮುರ್ದಿದ್ಯಲೆ ಮಾರಾಯ್ತಿ. ಊರಿಗೇ ಗೊತ್ತಿತ್ತ್.” ಅವನು ನಗುತ್ತಿದ್ದ.

“ಹಂಗಾರೆ ಇನ್ನೊಂದ್ ಮಾಡಿ.”

“ಅದನ್ನೂ ನೀನೇ ಮುರಿತೆ.”

ಇನ್ನೊಮ್ಮೆ ಹೀಗೇ ಥಟ್ಟನೆ ನಿಲ್ಲಿಸಿದರೆ ಉಳಿಯಲಾರ ಎಂದು ಡಾಕ್ಟರು ಹೇಳಿದ್ದು ನಾವು ಮೂವರು ಹೆಂಗಸರಿಗೂ ಗೊತ್ತಿತ್ತು. ಕುಡಿಯಬಿಟ್ಟರೆ ಏನಾಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅತ್ತಿಗೆ ಬಾಗಿಲಿನಿಂದ ಸರಿದಳು. ಮಣೆ ಹಾಕಿ ಅನ್ನ ಬಡಿಸಿದಳು.

“ಉಣ್ಣಿ. ಖಾಲಿ ಹೊಟ್ಟಿಯಲ್ ಕುಡಿಯುಕಾಗ” ಎಂದಳು.