ರಾಯಬಾಗದ ರಿಮೋಟ್ ಅಕ್ಕ ಮತ್ತು ಅವಳ ಗಂಡನ ಹೊಟ್ಟೆಕಿಚ್ಚು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ರಾಯಬಾಗ ಬಸ್ ನಿಲ್ದಾಣದ ಎದುರು ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಸ್ಪೀಕರಿನಲ್ಲಿ ಮರಾಠಿ ಹಾಡು ಹಚ್ಚಿಕೊಂಡು ಹಾದು ಹೋಗುತ್ತದೆ. ಅದರ ಬೆನ್ನಿಗೇ ರಸ್ತೆಬದಿಗೆ ನಿಂತ ಮೂರು ಕಾರುಗಳು ಒಟ್ಟಿಗೆ ಕಿರುಚಿಕೊಳ್ಳುತ್ತವೆ. ಯಾರೂ ಕದಿಯಲು ಬಂದಿಲ್ಲ, ಯಾರೂ ಮುಟ್ಟಿಲ್ಲ. ನೆಲ ನಡುಗಿದೆ, ಅಷ್ಟೇ. ಅರ್ಧ ನಿಮಿಷದಲ್ಲಿ ಎರಡು ಕಾರು ಸುಮ್ಮನಾಗುತ್ತವೆ. ನಡುವಿನದು ನಿಂತಂತೆ ಮಾಡಿ ಮತ್ತೆ ಶುರುಮಾಡುತ್ತದೆ.

ತಗಡಿನ ಡಬ್ಬಿ ಅಂಗಡಿಯೊಳಗೆ, ಎರಡು ಮೊಳ ಅಗಲದ ಹಲಗೆಯ ಹಿಂದೆ ಸುಗಂಧಾ ಕೂತಿದ್ದಾಳೆ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕಾರಿನ ರಿಮೋಟೊಂದಕ್ಕೆ ಬೆಸುಗೆ ಹಾಕುತ್ತಿದ್ದಾಳೆ. ತಲೆ ಎತ್ತುವುದಿಲ್ಲ. "ನಡಬರ್ಕಿನ ಗಾಡಿ ಟ್ರ್ಯಾಕ್ಟರಿಗೆ ಒದರಾಕತ್ತಿಲ್ರಿ," ಎನ್ನುತ್ತಾಳೆ. "ಬಾನೆಟ್ಟಿನ ಸ್ವಿಚ್ಚಿನ್ಯಾಗ ಧೂಳ ಕುಂತೈತಿ. ಬಾನೆಟ್ ತೆರದೈತಿ ಅಂತ ತಿಳಕೊಂಡೈತಿ ಅದು."

ಅವಳ ಗಂಡ ರಾಜಾರಾಮ ಶಿಂಗೆ ಎದ್ದು ಹೋಗುತ್ತಾನೆ. ಕಾರಿನ ಮಾಲೀಕನಿಂದ ಬಾನೆಟ್ ತೆಗೆಸಿ, ಒಳಗಿನ ಬೆರಳುಗಾತ್ರದ ಸ್ವಿಚ್ಚನ್ನು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸುತ್ತಾನೆ. ಕಾರು ಬಾಯಿ ಮುಚ್ಚುತ್ತದೆ. ಅವಳು ಹೇಳಿದ್ದು ಸರಿಯಾಗಿರುತ್ತದೆ. ರಾಜಾರಾಮನ ಕಷ್ಟ ಅಲ್ಲಿಂದಲೇ ಶುರುವಾಗುತ್ತದೆ.

"ನನಗ ನಲವತ್ತೆಂಟ ವರ್ಷರಿ," ಎಂದು ಅವನು ಕೈ ಒರೆಸಿಕೊಳ್ಳುತ್ತಾನೆ. "ಅದರಾಗ ಮೂವತ್ತ ವರ್ಷ ಚಾವಿ ಮಾಡೇನಿ. ಆಕಿ ಕುಂತಲ್ಲೆ ಕುಂತು ಕಿವಿಲೆ ಹೇಳ್ತಾಳ. ನಾ ಎದ್ದ ಹೋಗಿ ಒರಸಬೇಕು. ಹೊಟ್ಟಿ ಉರೀತೈತಿ. ಸುಳ್ಳ ಯಾಕ ಹೇಳ್ಲಿ?"

ಅಂಗಡಿಯ ಹಲಗೆಯ ಎಡಕ್ಕೆ ರಾಜಾರಾಮ, ಬಲಕ್ಕೆ ಸುಗಂಧಾ. ಎಡಕ್ಕೆ ಅರ, ಸುತ್ತಿಗೆ, ಕತ್ತರಿಸಿದ ಹಿತ್ತಾಳೆಯ ತುಂಡುಗಳು. ಬಲಕ್ಕೆ ಬೆಸುಗೆ ಕಡ್ಡಿ, ಚಿಮಟ, ಗುಂಡನೆಯ ಸೆಲ್ಲುಗಳ ಡಬ್ಬಿ. ಹತ್ತು ವರ್ಷದ ಹಿಂದೆ ಎಡಭಾಗದಲ್ಲಿ ಜನ ನಿಲ್ಲುತ್ತಿದ್ದರು. ಅವನ ಅಪ್ಪ ಧರ್ಮಾ ಟ್ರಂಕಿನ ಬೀಗ ತೆಗೆಯುವುದರಲ್ಲಿ ಹೆಸರಾದವನು. ಕಣ್ಣು ಮುಚ್ಚಿ ತಂತಿ ಆಡಿಸಿ ಕಪಾಟಿನ ಬಾಗಿಲು ತೆಗೆಯುವುದನ್ನು ರಾಜಾರಾಮ ಹದಿನೈದನೇ ವಯಸ್ಸಿಗೆ ಅಪ್ಪನಿಂದ ಕಲಿತ. ಕಬ್ಬಿಣದೊಳಗೆ ಎಲ್ಲಿ ಹಲ್ಲು ಇದೆ, ಎಲ್ಲಿ ಸಂದು ಇದೆ ಎಂದು ಅವನ ಬೆರಳಿಗೆ ಇಂದಿಗೂ ಕಾಣುತ್ತದೆ. ಆಮೇಲೆ ಕಾರುಗಳ ಕೀಲಿಕೈಯಲ್ಲಿ ಗುಂಡಿಗಳು ಬಂದವು. ಆ ಗುಂಡಿಗಳಿಗೆ ಅವನ ಬೆರಳು ದಪ್ಪವಾಯಿತು.

ಸುಗಂಧಾ ನಿಪ್ಪಾಣಿಯ ಹುಡುಗಿ. ಒಂಬತ್ತನೇ ವಯಸ್ಸಿನಿಂದ ಬೀಡಿ ಕಟ್ಟಿದವಳು. ದಿನಕ್ಕೆ ಸಾವಿರ. ಎಲೆ ಕತ್ತರಿಸಿ, ತಂಬಾಕು ಹರಡಿ, ಸುತ್ತಿ, ಬಾಯಿ ಮಡಿಚಿ, ದಾರ ಬಿಗಿಯುವ ಕೆಲಸದಲ್ಲಿ ಬೆರಳಿನ ತುದಿಗೆ ಬೇರೆಯೇ ಕಣ್ಣು ಮೂಡುತ್ತದೆ. ಮದುವೆಯಾಗಿ ರಾಯಬಾಗಕ್ಕೆ ಬಂದ ಮೇಲೆ ಮಧ್ಯಾಹ್ನದ ಬುತ್ತಿ ತರುತ್ತಿದ್ದಳು, ಗಂಡ ಉಣ್ಣುವವರೆಗೆ ಕೂತು ನೋಡುತ್ತಿದ್ದಳು. ಮಿರಜದಿಂದ ಬೆಸುಗೆ ಕಡ್ಡಿ ತಂದು ರಾಜಾರಾಮ ಒಂದರ ಹಿಂದೊಂದು ಹನ್ನೊಂದು ರಿಮೋಟು ಸುಟ್ಟಿದ್ದ. ಹನ್ನೆರಡನೆಯದಕ್ಕೆ ಅವಳು, "ತರ್ರಿ ಇಲ್ಲೆ, ನೀವು ಉಣ್ರಿ," ಎಂದಳು. ಜೋಳದ ಕಾಳಿಗಿಂತ ಸಣ್ಣ ಸ್ವಿಚ್ಚು, ನಾಲ್ಕು ಕಾಲು. ಒಂದೇ ಉಸಿರಿನಲ್ಲಿ ಕೂರಿಸಿದಳು.

"ಬೀಡಿ ಬಾಯಿ ಮಡಿಚಿದಂಗನ ಐತಿ ಅಂದ್ಲು," ರಾಜಾರಾಮ ನೆನೆಯುತ್ತಾನೆ. "ನಾ ನಕ್ಕೆ. ಈ ವಿಷಯದಾಗ ಅದ ಕಡೀ ನಗು."

ದಿನಕ್ಕೆ ಈಗ ಹದಿನೈದರಿಂದ ಹದಿನೆಂಟು ರಿಮೋಟು ಬರುತ್ತವೆ. ಅರ್ಧದಷ್ಟಕ್ಕೆ ಸೆಲ್ ಬದಲಿಸಿದರೆ ಸಾಕು, ಬೇರೆ ರೋಗವಿಲ್ಲ. "ದೂರಿಂದ ಒತ್ತಿದ್ರ ಬಾಗಲಾ ತೆರೀಲಿಲ್ಲ, ಹತ್ರ ಹೋದ್ರ ತೆರೀತು ಅಂದ್ರ ಸೆಲ್ ಸಾಯಾಕತ್ತೈತಿ ಅಂತ ತಿಳೀರಿ," ಎಂದು ಸುಗಂಧಾ ಎಲ್ಲರಿಗೂ ಹೇಳಿಕೊಡುತ್ತಾಳೆ. ಹೇಳಿಕೊಟ್ಟರೂ ಅವರು ಮತ್ತೆ ಇಲ್ಲಿಗೇ ಬರುತ್ತಾರೆ. ಉಳಿದವುಗಳಲ್ಲಿ ಗುಂಡಿಯ ಕೆಳಗಿನ ಸ್ವಿಚ್ಚು ಸವೆದಿರುತ್ತದೆ, ಬೆಸುಗೆ ಬಿಟ್ಟಿರುತ್ತದೆ, ನೀರು ಕುಡಿದಿರುತ್ತದೆ. ಕವಚ ಬಿಚ್ಚಿದ ಕೂಡಲೇ ಅವಳು ಊರು ಹೇಳುತ್ತಾಳೆ. ಒಳಗೆ ಬೆಲ್ಲದ ಅಂಟು ಇದ್ದರೆ ಕಬ್ಬೂರಿನ ಕಡೆಯ ಗಾಣದವರದು. ಹಸಿರು-ನೀಲಿ ಹೂವು ಬಿಟ್ಟಿದ್ದರೆ ಐನಾಪುರದ ಕಡೆಯ ದ್ರಾಕ್ಷಿ ತೋಟದ್ದು: ಬಳ್ಳಿಗೆ ಮೈಲುತುತ್ತದ ಔಷಧ ಹೊಡೆಯುವಾಗ ಕೀಲಿಕೈ ಅಂಗಿಯ ಕಿಸೆಯಲ್ಲೇ ಇರುತ್ತದೆ. ಅರಿಶಿಣ, ಕುಂಕುಮ, ತೆಂಗಿನ ನೀರು ಮೂರೂ ಇದ್ದರೆ ಊರು ಯಾವುದಾದರೂ ಆಗಬಹುದು, ಕಾರು ಮಾತ್ರ ಹೊಸದು. ಪೂಜೆಯ ದಿನ ಕೀಲಿಕೈಯ ಮೇಲೆಯೇ ಕಾಯಿ ಒಡೆದಿರುತ್ತಾರೆ.

ಗಿರಾಕಿಗಳು ನೇರ ಬಲಕ್ಕೆ ಹೋಗಿ ನಿಲ್ಲುತ್ತಾರೆ. ಸುಗಂಧಾ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಸಮಾಧಾನ ಎಂಬ ಬಾಡಿಗೆ ಕಾರಿನ ಡ್ರೈವರ್ ಬಂದು ಇಣುಕಿದ.

"ಅಕ್ಕಾರ ಇಲ್ಲೇನ್ರಿ?"

"ನಾ ಅದೀನಲಾ."

"ಇರ್ಲಿ ಬಿಡ್ರಿ ಮಾಮಾ. ಒಂದ ಚಾ ಕುಡದ ಬರ್ತೇನಿ."

ಮೂರು ಚಹಾ ಕುಡಿದ ಅವನು. ರಾಜಾರಾಮ ಎದುರಿನ ಹೋಟೆಲಿನಲ್ಲಿ ಅವನ ಲೋಟ ತುಂಬುವುದನ್ನೂ ಬರಿದಾಗುವುದನ್ನೂ ನೋಡುತ್ತ ಕೂತಿದ್ದ.

ಈ ಚಳಿಗಾಲದಲ್ಲಿ ಅಂಗಡಿಯ ಫೋನಿಗೆ ಚಿಕ್ಕೋಡಿಯಿಂದ ಒಂದು ಕರೆ ಬಂತು. ಅಲ್ಲಿ ದೊಡ್ಡ ಗ್ಯಾರೇಜು ಇಟ್ಟಿರುವ ಶೀತಲ ಎಂಬುವರದು. ವಾರಕ್ಕೆ ಎರಡು ದಿನ ಸುಗಂಧಾತಾಯಿ ಬಂದರೆ ಅವರಿಗೇ ಬೇರೆ ಟೇಬಲ್, ಒಳ್ಳೆಯ ದೀಪ, ಹೊಸ ಕೀಲಿಕೈಯನ್ನು ಕಾರಿಗೆ ಪರಿಚಯ ಮಾಡಿಸುವ ಯಂತ್ರ ಎಲ್ಲ ಕೊಡುತ್ತೇವೆ ಎಂದರು. ಆ ಯಂತ್ರವನ್ನು ರಾಜಾರಾಮ ಕೊಲ್ಹಾಪುರದ ಒಂದು ಅಂಗಡಿಯ ಗಾಜಿನಾಚೆ ನಿಂತು ನೋಡಿದ್ದ, ಎರಡು ಸಲ. ಫೋನು ಹಿಡಿದು ಅವನು ಕೇಳಿದ, "ನಾನೂ ಬರಬೇಕೇನ್ರಿ?" ಶೀತಲ, "ನೀವು ಅಂಗಡಿ ನೋಡ್ಕೊಂಡಿರ್ರಿ ಅಣ್ಣಾರ," ಎಂದರು.

ಸುಗಂಧಾ ಆಗ ನಾಲ್ಕು ಅಡಿ ದೂರದಲ್ಲಿದ್ದಳು, ಹಾದು ಹೋಗುತ್ತಿದ್ದ ಟ್ರ್ಯಾಕ್ಟರಿನ ಹಾಡಿನಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ. ರಾಜಾರಾಮ ಫೋನಿಗೆ ಹೇಳಿದ: "ಆಕಿ ಒಲ್ಲೆ ಅಂತಾಳರಿ. ಮನಿ ಬಿಟ್ಟ ಎಲ್ಲೂ ಬರಂಗಿಲ್ಲ."

ಹನ್ನೆರಡು ದಿನ ಅವನು ಅದನ್ನು ಹೊತ್ತುಕೊಂಡು ತಿರುಗಿದ. ಅವಳು ರೊಟ್ಟಿ ಬಡಿಯುವಾಗ, ಸೆಲ್ಲಿನ ಡಬ್ಬಿ ಒರೆಸುವಾಗ ಅವಳ ಮುಖ ನೋಡಿ ಬೇರೆ ಕಡೆ ತಿರುಗುತ್ತಿದ್ದ. ಆ ಯಂತ್ರ ಅವಳ ಕೈಗೆ ಬಂದರೆ ತಾನು ಈ ಹಲಗೆಯ ಎಡಭಾಗದಲ್ಲಿ ಕೂತ ಗಿರಾಕಿಯಾಗಿಬಿಡುತ್ತೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಹೇಳದಿದ್ದರೆ? ಹೇಳದಿದ್ದರೆ ಎಲ್ಲ ಇದ್ದ ಹಾಗೆಯೇ ಇರುತ್ತದೆ. ಇದ್ದ ಹಾಗೆ ಇರುವುದೂ ಅವನಿಗೆ ಬೇಕಾಗಿರಲಿಲ್ಲ.

ಹದಿಮೂರನೆಯ ದಿನ ಐನಾಪುರದಿಂದ ಬಾಬಾಸಾಹೇಬ ಎಂಬ ದ್ರಾಕ್ಷಿ ಬೆಳೆಗಾರರ ಫೋನು. ರಿಮೋಟು ಸತ್ತಿದೆ, ಕೀಲಿ ತಿರುಗಿಸಿ ಬಾಗಿಲು ತೆಗೆದರೆ ಕಾರು ಊರು ಎಬ್ಬಿಸುವಂತೆ ಒದರುತ್ತದೆ. ಎರಡನೇ ಕೀಲಿಕೈ ಹೋದ ವರ್ಷವೇ ಕಬ್ಬಿನ ಗದ್ದೆಯಲ್ಲಿ ಬಿದ್ದು ಹೋಗಿದೆ. ಹನ್ನೊಂದಕ್ಕೆ ತಾಸಗಾಂವಿಯ ಒಣದ್ರಾಕ್ಷಿ ಪೇಟೆಯಲ್ಲಿರಬೇಕು. ರಾಜಾರಾಮ ಸುಗಂಧಾಳಿಗೆ ಬೀಗ ತೆಗೆಯುವ ಕೆಲಸವೆಂದು ಹೇಳಿ, ಅವಳ ಚಿಮಟ, ಬೆಸುಗೆ ಕಡ್ಡಿ, ಒಂದು ಹೊಸ ಕವಚ ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದ. ಕುಡಚಿಯ ಸೇತುವೆ ದಾಟುವಾಗ ಅವನು ಸಿಳ್ಳೆ ಹಾಕುತ್ತಿದ್ದನಂತೆ.

ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೂತು ರಿಮೋಟು ಬಿಚ್ಚಿದ. ಒಳಗೆಲ್ಲ ಹಸಿರು-ನೀಲಿ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ, ಸೆಲ್ ಹಿಡಿಯುವ ತಗಡು ಬಗ್ಗಿಸಿದ, ಒಂದು ಕಾಲಿಗೆ ಬೆಸುಗೆ ಹಾಕಿದ. ಹೊಸ ಕವಚಕ್ಕೆ ಕೂರಿಸಿ, ಹಳೆಯದನ್ನು ನೆಲಕ್ಕೆ ಒಗೆದು ಗುಂಡಿ ಒತ್ತಿದ. ಕಾರಿನ ನಾಲ್ಕೂ ಬಾಗಿಲು ಟಕ್ಕೆಂದು ತೆರೆದುಕೊಂಡವು. ಬಾಬಾಸಾಹೇಬ, "ಅರೆ ವ್ಹಾ, ರಾಜಾಭಾವು," ಎಂದರು. ಆ ಮಾತು ಕಿವಿಯಲ್ಲಿ ಇನ್ನೂ ಇತ್ತು, ಅವರು ಕಾರು ಹತ್ತಿ ಕೀಲಿ ತಿರುಗಿಸಿದರು. ಎಂಜಿನ್ ತಿರುಗಿತು, ಹತ್ತಲಿಲ್ಲ. ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಮಿಣುಕತೊಡಗಿತು.

ಆ ದೀಪದ ಅರ್ಥ ರಾಜಾರಾಮನಿಗೆ ಗೊತ್ತು. ಇಂಥ ಕೀಲಿಕೈಯೊಳಗೆ ಅಕ್ಕಿಕಾಳಿನಷ್ಟು ಕರಿಯ ಚಿಪ್ ಒಂದು ಬೇರೆಯಾಗಿ ಅಂಟಿಕೊಂಡಿರುತ್ತದೆ. ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಅದಿಲ್ಲದೆ ಕಾರು ತನ್ನ ಯಜಮಾನನನ್ನೇ ಕಳ್ಳನೆಂದುಕೊಳ್ಳುತ್ತದೆ. ಕವಚ ಬದಲಿಸುವ ಯಾರಿಗಾದರೂ ಮೊದಲ ದಿನ ಹೇಳಿಕೊಡುವ ಪಾಠ ಅದು. ಗೆಲ್ಲುವ ಅವಸರದಲ್ಲಿ ಅವನು ಅದನ್ನು ಹಳೆಯ ಕವಚದಲ್ಲೇ ಬಿಟ್ಟಿದ್ದ. ಬಗ್ಗಿ ನೋಡಿದರೆ ಕವಚವೂ ಇಲ್ಲ. ಬಾಬಾಸಾಹೇಬರ ಹೆಂಡತಿ ಗೌರಾಬಾಯಿ ಶೆಡ್ಡು ಗುಡಿಸಿ ಹೊರಗೆ ಹಾಕಿಯಾಗಿತ್ತು.

"ಅಕ್ಕಾರಿಗೆ ಫೋನ್ ಹಚ್ರಿ," ಎಂದರು ಬಾಬಾಸಾಹೇಬ. "ಸ್ಪೀಕರ್ ಮ್ಯಾಲ ಹಾಕ್ರಿ, ನಮಗೂ ಕೇಳ್ಲಿ."

ಹಚ್ಚಿದ. ಅತ್ತ ಸುಗಂಧಾ ಕೇಳಿದ್ದು ಎರಡೇ ಪ್ರಶ್ನೆ. "ಕೆಂಪ ದೀಪ ಮಿಣುಕಾಕತ್ತೈತೇನ್ರಿ?" ಇವನು ಹೂಂ ಅಂದ. "ಹಳೇ ಕವರ ಎಲ್ಲಿ ಒಗದ್ರಿ?" ಇವನು ಅದನ್ನೂ ಹೇಳಿದ. "ಜರಡಿ ಹಿಡೀರಿ. ಮೂಲ್ಯಾಗ ಅಂಟಿರತೈತಿ, ಉದುರಿದ್ರ ಕಸಕಡ್ಡಿ ಜೋಡಿ ಇರತೈತಿ," ಎಂದು ಫೋನು ಇಟ್ಟಳು. ನಗಲಿಲ್ಲ.

ಒಣದ್ರಾಕ್ಷಿಯ ತೊಟ್ಟು, ಕಸಕಡ್ಡಿ, ಧೂಳು ಎಲ್ಲವನ್ನೂ ಗೌರಾಬಾಯಿ ಜರಡಿಗೆ ಹಾಕಿ ಆಡಿಸಿದರು. ರಾಜಾರಾಮ ನೆಲದ ಮೇಲೆ ಕೂತು ಬೆರಳಿನಿಂದ ಕೆದಕಿದ. ನಲವತ್ತು ನಿಮಿಷ. ಕೊನೆಗೆ ಆರಿಸಿ ಕೊಟ್ಟವರು ಗೌರಾಬಾಯಿಯೇ. "ಇದೇನ ನೋಡ್ರಿ, ಹಲ್ಲಿ ಹಿಕ್ಕಿ ಇದ್ದಂಗ ಐತಿ. ಮದ್ಲ ನಿಮ್ಮ ಮನಿಯಾಕಿನ್ನ ಕರಕೊಂಡ ಬಂದಿದ್ರ ನನ್ನ ಕಾಳರೆ ಹಸನ ಆಗತಿದ್ದು ಇಷ್ಟೊತ್ತಿಗೆ." ಚಿಪ್ ಕೂರಿಸಿದ ಮೇಲೆ ಕಾರು ಹತ್ತಿತು. ತಾಸಗಾಂವಿಗೆ ಬಾಬಾಸಾಹೇಬರು ಮುಟ್ಟುವಷ್ಟರಲ್ಲಿ ಅಂದಿನ ಹರಾಜು ಅರ್ಧ ಮುಗಿದಿತ್ತು.

ರಾಯಬಾಗಕ್ಕೆ ಬಂದಾಗ ಸುಗಂಧಾ ಚೀಲ ತೆಗೆದುಕೊಂಡು ಚಿಮಟವನ್ನು ಅದರ ಜಾಗಕ್ಕೆ ಇಟ್ಟಳು. ಬೀಗ ತೆಗೆಯಲು ಚಿಮಟ ಯಾಕೆ ಒಯ್ದಿರಿ ಎಂದು ಕೇಳಲಿಲ್ಲ. ಗಿರಾಕಿಗಳ ಮುಂದೆ ಆಡಿಕೊಳ್ಳಲಿಲ್ಲ. "ಒಂದ ಮಾತ ಬೈದಿದ್ರ ನಾ ಬಾಯಿ ಬಿಡತಿದ್ದಿಲ್ರಿ," ಎನ್ನುತ್ತಾನೆ ರಾಜಾರಾಮ. "ಆಕಿ ಸುಮ್ನ ಇದ್ಲು ನೋಡ್ರಿ, ಅದ ತಡೀಲಿಕ್ಕೆ ಆಗಲಿಲ್ಲ." ನಿಂತಲ್ಲೇ ಶೀತಲರ ಕರೆಯ ವಿಷಯ ಹೇಳಿಬಿಟ್ಟ.

ಅವಳು ಬೆಸುಗೆ ಕಡ್ಡಿ ಕೆಳಗಿಟ್ಟಳು.

"ನಾ ಒಲ್ಲೆ ಅಂದೇನಿ ಅಂತ ಹೇಳಿದ್ರಿ?"

"ಹೂಂ."

"ನನ್ನ ಕೇಳದ?"

"ಹೂಂ."

ಎರಡು ದಿನ ಅವಳ ಬಾಯಿಂದ "ಸೆಲ್ ಕೊಡ್ರಿ", "ಸರೀರಿ" ಬಿಟ್ಟರೆ ಬೇರೆ ಮಾತು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಂಡನ ಎದುರಿಗೇ ನಿಂತು ಚಿಕ್ಕೋಡಿಗೆ ಫೋನು ಮಾಡಿದಳು. "ನಾ ಸುಗಂಧಾ ಮಾತಾಡೂದ್ರಿ. ನಮ್ಮ ಮನಿಯವರು ಹೇಳೂದ ಮರತಿದ್ರು. ಜಾಗಾ ಇನ್ನ ಐತೇನ್ರಿ?" ಇತ್ತು. ಸುಳ್ಳು ಹೇಳಿದ್ದರು ಎನ್ನದೆ ಮರೆತಿದ್ದರು ಎಂದಳಲ್ಲ, ಆ ದೊಡ್ಡತನವೂ ರಾಜಾರಾಮನ ಹೊಟ್ಟೆಯಲ್ಲಿ ಇನ್ನೂ ಕರಗಿಲ್ಲ.

ಈಗ ಮಂಗಳವಾರ, ಶುಕ್ರವಾರ ಅವಳು ಏಳರ ಬಸ್ಸಿಗೆ ಚಿಕ್ಕೋಡಿಗೆ ಹೋಗುತ್ತಾಳೆ. ಯಂತ್ರ ಹೇಗಿದೆ ಎಂದು ರಾಜಾರಾಮ ಕೇಳುವುದಿಲ್ಲ. ಅವಳೇ ಊಟಕ್ಕೆ ಕೂತಾಗ ಹೇಳುತ್ತಾಳೆ, ಅವನು ತಟ್ಟೆ ನೋಡುತ್ತ ಕೇಳಿಸಿಕೊಳ್ಳುತ್ತಾನೆ, ಒಂದಕ್ಷರ ಬಿಡದೆ. ಚಿಕ್ಕೋಡಿಯ ಬಗ್ಗೆ ಅವಳ ದೂರು ಒಂದೇ: "ಟೇಬಲ್ ಎತ್ತರ ಐತ್ರಿ, ನನ್ನ ಕಾಲ ನೆಲಕ್ಕ ಹತ್ತಂಗಿಲ್ಲ. ಒಂದ ಗಿಡ್ಡ ಟೇಬಲ್ ಕೊಟ್ರ ಮುಗೀತು. ಮತ್ತೇನ ಬೇಡ್ಲಿ?"

ಆ ಎರಡು ದಿನ ಅಂಗಡಿಯಲ್ಲಿ ರಾಜಾರಾಮ ಒಬ್ಬನೇ. ಹೋದ ಶುಕ್ರವಾರ ಕಬ್ಬೂರಿನ ತಾತ್ಯಾಸಾಹೇಬ ಎಂಬ ನಿವೃತ್ತ ಮಾಸ್ತರರು ಅಕ್ಕನನ್ನು ಕೇಳಿಕೊಂಡು ಬಂದರು. ಚಿಕ್ಕೋಡಿಗೆ ಹೋಗಿದ್ದಾಳೆ ಎಂದಾಗ ಅಲ್ಲೇ ಕಟ್ಟೆಗೆ ಕೂತು, "ಭಾರೀ ಕೈ ರೀ ಆಕೀದು. ಎಲ್ಲಾ ನೀವ ಕಲಿಸಿದ್ರೇನ?" ಎಂದರು. ಹತ್ತು ವರ್ಷದಿಂದ ಈ ಪ್ರಶ್ನೆಗೆ ರಾಜಾರಾಮ ಹೌದು ಎನ್ನುತ್ತ ಬಂದಿದ್ದಾನೆ.

"ಅವತ್ತ ಇಲ್ರೀ ಅಂದೆ," ಎನ್ನುತ್ತಾನೆ. "ನಾ ಏನೂ ಕಲಿಸಿಲ್ರಿ ಮಾಸ್ತರ, ಆಕಿ ತಾನ ಕಲ್ತಾಳ ಅಂದೆ." ಅರ ಎತ್ತಿಕೊಂಡು ಹಿತ್ತಾಳೆಯ ಮೇಲೆ ಎರಡು ಸಲ ಎಳೆಯುತ್ತಾನೆ, ಬೆರಳಿನಿಂದ ಅಂಚು ಸವರಿ ನೋಡುತ್ತಾನೆ. "ಭಾಳ ತ್ರಾಸ ಆತ್ರಿ ಹೇಳಾಕ. ಇನ್ನೊಬ್ರ ಬಂದ ಕೇಳಿದ್ರ ಮತ್ತ ಹಂಗ ಹೇಳತೇನೋ ಇಲ್ಲೋ, ಈಗ ಹೇಳಾಕ ಬರಂಗಿಲ್ಲ. ಆದ್ರ ಒಮ್ಮೆರೆ ಹೇಳೇನಿ."