ನನ್ನ ಬದಲು ಮಾತಾಡಿದ ಫೋನು

ಕೆಮ್ಮು ಶುರುವಾದಾಗ ಸಿಮೆಂಟಿನ ಧೂಳು ಅಂದುಕೊಂಡೆವು. ತಮ್ಮ ಮಲ್ಲು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತೇನೆ. ಕೊಪ್ಪಳದ ಕಡೆಯಿಂದ ಬಂದು ಒಂದೇ ರೂಮಿನಲ್ಲಿದ್ದವರು ನಾವಿಬ್ಬರೇ.

ಒಂದು ದಿನ ಟವೆಲ್ಲಿನಲ್ಲಿ ರಕ್ತ ಕಂಡಿತು.

ಆಸ್ಪತ್ರೆಯಲ್ಲಿ ಟಿಬಿ ಅಂದರು. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಬಾರದು, ಮಾಸ್ಕ್ ಹಾಕಿಕೊಂಡು ಜೊತೆಗೇ ಇರಬಹುದು ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆದರೂ ನನಗೆ ಹೆದರಿಕೆ. ನಾನೂ ಕೆಮ್ಮಿದರೆ ಕೆಲಸದಿಂದ ತೆಗೆಯುತ್ತಾರೆ ಅಂತ ನೆಪ ಮಾಡಿಕೊಂಡು ಪಕ್ಕದ ರೂಮಿನ ಗೆಳತಿಯ ಹತ್ತಿರ ಮಲಗತೊಡಗಿದೆ. ಮಲ್ಲುಗೆ ಬೇಜಾರಾಗದಿರಲಿ ಎಂದು ಅವಳೇ ಅವನ ಫೋನಿಗೆ ಕನ್ನಡ ಮಾತಾಡುವ ಚಾಟ್‌ಬಾಟ್ ಹಾಕಿಕೊಟ್ಟಳು.

"ಅಕ್ಕಾ, ಇದು ನಿನಗಿಂತ ಛಲೋ ಐತಿ. ಬೈಯಂಗಿಲ್ಲ," ಅಂತ ನಕ್ಕ.

ನನಗೂ ಹಗುರಾಯಿತು.

ನಮ್ಮ ಮನೆಯಲ್ಲಿ ಅನುಮಾನ ಬಂದರೆ ತಲೆ ಮುಟ್ಟಿಸಿ ಆಣೆ ಮಾಡಿಸುತ್ತಾರೆ. ನನ್ನ ತಲೆ ಮುಟ್ಟಿ ಮಲ್ಲು ಯಾವತ್ತೂ ಸುಳ್ಳು ಹೇಳಿದವನಲ್ಲ. ಈಗ ಅವನ ಕೈ ತಾಗುವುದೇ ನನಗೆ ಬೇಡವಾಗಿತ್ತು. ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ.

"ಗುಳಿಗಿ ತಗೊಂಡಿಯೇನ್ಲೇ?"

"ಇದನ್ನ ಕೇಳು," ಅಂತ ಫೋನು ಎತ್ತಿ ಹಿಡಿಯುತ್ತಿದ್ದ.

"ಹೌದು, ಮಲ್ಲು ಇಂದಿನ ಮಾತ್ರೆ ತೆಗೆದುಕೊಂಡಿದ್ದಾರೆ," ಅನ್ನುತ್ತಿತ್ತು ಅದು. ಓದಿದವರ ಹಾಗೆ ಮಾತಾಡುತ್ತಿತ್ತು, ನಂಬಿದೆ. ಅವನು ಹೇಳಿದ್ದನ್ನೇ ಅದು ತಿರುಗಿಸಿ ಹೇಳುತ್ತಿದೆ ಎಂದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹೊಳೆಯಲಿಲ್ಲ. ಹೊಳೆಯುವುದು ನನಗೆ ಬೇಕಾಗಿಯೂ ಇರಲಿಲ್ಲ.

ಒಂದು ಸಂಜೆ ಬಂದಾಗ ಬಚ್ಚಲಲ್ಲಿ ಬಿದ್ದಿದ್ದ. ಬಾಯಿ ತುಂಬ ರಕ್ತ.

ಆಸ್ಪತ್ರೆಗೆ ಒಯ್ಯಲು ಬಟ್ಟೆ ಹುಡುಕುತ್ತ ಹಾಸಿಗೆ ಎತ್ತಿದೆ. ಕೆಳಗೆ ಮಾತ್ರೆಗಳಿದ್ದವು.

"ಎದುರಿಗೆ ಕೂತು ನುಂಗಿಸೋರು ಯಾರೂ ಇರ್ಲಿಲ್ವೇನಮ್ಮ?" ಡಾಕ್ಟರ್ ಕೇಳಿದರು.

ವಾರ್ಡಿನಲ್ಲಿ ಮಲ್ಲುವನ್ನು ಕೇಳಿದೆ, "ನನಗ್ಯಾಕ ಹೇಳಲಿಲ್ಲೋ?"

"ಗುಳಿಗಿ ನುಂಗಿದ್ರ ಹೊಟ್ಟಿ ತೊಳಸತಿತ್ತು. ನೀ ಬಾಗಿಲದಾಗ ನಿಂತಿರ್ತಿದ್ದಿ. ಕೂಗಿ ಹೇಳಬೇಕಾಗತಿತ್ತು."

"ಫೋನಿಗೆ ಹೇಳಿದ್ಯಾ?"

"ಹೇಳಿದೆ. ಡಾಕ್ಟರಿಗೆ ಹೇಳ್ರಿ ಅಂತು. ಹೂಂ ಅಂದೆ, ನಂಬ್ತು. ಗುಳಿಗಿ ತಗೊಂಡೆ ಅಂದ್ರೂ ನಂಬ್ತು. ಸತ್ತರ ಹೆಂಗ ಅಂತನೂ ಕೇಳಿದೆ. ಪಾಪ, ಛಂದ ಮಾತಾಡ್ತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡ. "ಆದ್ರ ಅಷ್ಟೆಲ್ಲಾ ಹೇಳಿದ ಮ್ಯಾಲೂ ಅದಕ್ಕೇನೂ ಅನಸಲಿಲ್ಲಕ್ಕ."

ಫೋನನ್ನು ಬೈದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಅದು ತನಗೆ ಬಂದದ್ದನ್ನು ಮಾಡಿತು. ಅವನ ಬೆವರು, ಇಳಿದ ಕೆನ್ನೆ, ಊಟ ಬಿಟ್ಟ ತಟ್ಟೆ ಅದಕ್ಕೆ ಕಾಣುವಂಥವಲ್ಲ. ನನಗೆ ಕಾಣುತ್ತಿದ್ದವು.

ಆಸ್ಪತ್ರೆಯಿಂದ ರೂಮಿಗೆ ಬಂದಿದ್ದೇವೆ. ಚಿಕಿತ್ಸೆ ಮೊದಲಿನಿಂದ ಶುರುವಾಗಿದೆ. ಒಂದು ಕಡೆಯ ಶ್ವಾಸಕೋಶ ಪೂರ್ತಿ ಸರಿಹೋಗುವುದಿಲ್ಲವಂತೆ, ಭಾರ ಎತ್ತುವ ಹಾಗಿಲ್ಲ. ಬದುಕಿದ್ದಾನೆ.

ಇವತ್ತು ಬೆಳಿಗ್ಗೆ ಮಾತ್ರೆ ನುಂಗಿ, ಓಕರಿಕೆ ತಡೆದುಕೊಂಡು, "ಅಕ್ಕಾ, ಅಂಜಿಕಿ ಆಗತೈತಿ," ಅಂದ.

ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಹೊರಗೆ ನಮ್ಮನ್ನು ಕೆಲಸಕ್ಕೆ ಒಯ್ಯುವ ಫ್ಯಾಕ್ಟರಿಯ ಟೆಂಪೋ ಹಾರ್ನ್ ಹೊಡೆಯಿತು.

"ಗಾಡಿ ಹೊಂಟೈತಿ ನೋಡು," ಅಂದ ಮಲ್ಲು.

"ಹೋಗಲಿ ಬಿಡು," ಅಂದೆ.