ಬಾಲ್ಕನಿಯ ಕುರ್ಚಿಯ ಪದಚ್ಯುತಿ

ಎತ್ತರಕ್ಕೇರಿದಂತೆಲ್ಲ ಮನುಷ್ಯನ ದೃಷ್ಟಿ ವಿಶಾಲವಾಗುತ್ತದೆ, ಮನಸ್ಸು ಕ್ಷುದ್ರತೆಯಿಂದ ಬಿಡುಗಡೆ ಹೊಂದುತ್ತದೆ. ಲಿಫ್ಟಿನಲ್ಲಿ ಐದನೇ ಮಹಡಿಗೇರಿ ನೆಲೆಸಿದ ಮೇಲೆ ನನಗೆ ವಿಶಾಲವಾಗಿ ಕಂಡದ್ದು ಎದುರು ಕಟ್ಟಡದವರು ಒಣಹಾಕಿದ ಲುಂಗಿಗಳು. ಆದರೂ, ಗಾಳಿಯ ದಯೆಯಿದ್ದರೆ, ಎರಡು ಲುಂಗಿಗಳ ನಡುವೆ ಬೆರಳಗಲದ ಸಮುದ್ರವೂ ಅದರ ಮೇಲೆ ಪಣಂಬೂರಿನ ಬಂದರಿಗೆ ಸರದಿ ಕಾಯುವ ಒಂದು ಹಡಗೂ ಕಾಣುತ್ತವೆ. ಆಯುಷ್ಯವಿಡೀ ಆಫೀಸಿನಲ್ಲಿ ಬಡ್ತಿಗೆ ಕಾದವನಿಗೆ, ಬೇರೆಯವರು ಕಾಯುವುದನ್ನು ಕೂತು ನೋಡುವುದಕ್ಕಿಂತ ಹಿತವಾದದ್ದು ಬೇರೇನಿದೆ, ನೀವೇ ಹೇಳಿ. ಅದಕ್ಕೆಂದೇ ಬಾಲ್ಕನಿಯಲ್ಲಿ ನನ್ನದೊಂದು ಕ್ಯಾನ್ವಾಸಿನ ಆರಾಮ ಕುರ್ಚಿ. ಅದರ ಪಕ್ಕದಲ್ಲಿ, ಕಂಬಿಗೆ ತಾಗಿಕೊಂಡು, ನನ್ನ ಹೆಂಡತಿಯ ತುಳಸಿಯ ಕುಂಡ. ಸುತ್ತು ಬರಲು ಜಾಗವಿಲ್ಲದ್ದರಿಂದ ಆಕೆ ದಿನಾ ನಿಂತಲ್ಲೇ ತನ್ನ ಸುತ್ತ ತಾನೇ ತಿರುಗಿ ಪ್ರದಕ್ಷಿಣೆ ಮುಗಿಸುತ್ತಾಳೆ. ಫ್ಲ್ಯಾಟಿನ ದೇವರುಗಳು ಇಷ್ಟಕ್ಕೆ ಒಪ್ಪಿಕೊಂಡಿದ್ದಾರೆ.

ಈ ಶಾಂತಿಗೆ ಭಂಗ ತಂದವಳು ಎರಡೂವರೆ ವರ್ಷದ ಮೊಮ್ಮಗಳು ಅನ್ವಿ. ನಮ್ಮ ಮಗಳು ವಾಮಂಜೂರಿನ ಕಡೆಯ ಕಾಲೇಜಿನಲ್ಲಿ ಪಾಠ ಮಾಡುವಷ್ಟು ಹೊತ್ತೂ ಮಗು ನಮ್ಮ ಸುಪರ್ದಿಯಲ್ಲಿರುತ್ತದೆ. ಒಂದು ಬೆಳಿಗ್ಗೆ, ನಾನು ಬಾಲ್ಕನಿಯ ಬಾಗಿಲಲ್ಲಿ ನಿಂತು ಪತ್ರಿಕೆಯ ಹಾಳೆ ಮಗುಚುವಷ್ಟರಲ್ಲಿ, ಅವಳು ಅಜ್ಜಿಯಂತೆಯೇ ಭಕ್ತಿಯಿಂದ ಒಂದು ಸುತ್ತು ತಿರುಗಿ, ಖಾಲಿಯಿದ್ದ ಕುರ್ಚಿಯ ಕೈ ಹತ್ತಿ, ಅಲ್ಲಿಂದ ಕುಂಡದ ಅಂಚಿಗೆ ಕಾಲಿಟ್ಟು, ಎದೆಯನ್ನು ಕಂಬಿಯಾಚೆ ಚಾಚಿ "ಹಡಗೂ!" ಎಂದು ಕೂಗಿದಳು. ಅಂಗಿಯ ಬೆನ್ನು ನನ್ನ ಕೈಗೆ ಸಿಕ್ಕಿತು. ಅವಳು ನೆಲದ ಮೇಲೆ ಸುರಕ್ಷಿತವಾಗಿ ನಿಂತು ಬಿಸ್ಕತ್ತು ತಿನ್ನತೊಡಗಿದ ಮೇಲೂ ಆ ಕೈ ಅಂಗಿಯನ್ನು ಬಿಡಲೊಪ್ಪಲಿಲ್ಲ.

ಪಕ್ಕದ ಫ್ಲ್ಯಾಟಿನ ಅಬ್ಬಾಸಾಕ, ಗಲ್ಫಿನಿಂದ ಮರಳಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಬಂದು ನೋಡಿದರು. "ಕಂಬಿ ಎಲ್ಲ ಅಡ್ಡ ಉಂಟಲ್ಲ ಭಟ್ರೇ! ಇದು ರೇಲಿಂಗ್ ಅಲ್ಲ, ಏಣಿ. ಕಂಬಿಯಿಂದ ಈಚೆ, ನೆಲದಿಂದ ಮಾಡಿನವರೆಗೆ ನೆಟ್ ಹಾಕ್ಸುವ. ಬಾಗಿಲಿಗೆ ಮನೆ ಕಡೆಯಿಂದ, ಮೇಲೆ ಒಂದು ಚಿಲಕ. ಆದ್ರೆ ಬಾಲ್ಕನಿಯಲ್ಲಿ ಹತ್ತುವಂಥದ್ದು ಎಂತದೂ ಇಡ್ಲಿಕ್ಕಿಲ್ಲ."

"ಕುರ್ಚಿ ಈಗಲೇ ತೆಗಿತೇನೆ," ಎಂದಳು ಹೆಂಡತಿ, ನಾನು ಬಹುಕಾಲದಿಂದ ಕಾಣದಿದ್ದ ಉತ್ಸಾಹದಲ್ಲಿ.

"ಹಾಗಾದ್ರೆ ತುಳಸಿ?" ಎಂದೆ ನಾನು.

"ತುಳಸಿಯನ್ನು ಹಾಗೆಲ್ಲ ಎತ್ತಿ ಇಡ್ಲಿಕ್ಕೆ ಆಗ್ತದಾ? ದಿನ ನೋಡ್ಬೇಡ್ವಾ?"

"ತುಳಸಿ ಹೋಗುವ ತನಕ ಕುರ್ಚಿಯೂ ಹೋಗುವುದಿಲ್ಲ," ಎಂದೆ. ಇಬ್ಬರಿಗೂ ಒಂದೇ ನ್ಯಾಯ ಎಂಬ ತತ್ತ್ವವನ್ನು ನಾನು ಪ್ರತಿಪಾದಿಸುತ್ತಿದ್ದಾಗ ಮಗಳು ಬಂದಳು. "ಅಪ್ಪ, ಎಂತ ಇದು? ಮಗು ಬೀಳ್ಲಿಕ್ಕೂ ದಿನ ನೋಡ್ತದಾ?"

ದೇವಸ್ಥಾನದ ಪೂಜೆಯ ಮನೆತನ ನಮ್ಮದು; ದಿನ ನೋಡುವ ಪ್ರಶ್ನೆ ಬಂದಲ್ಲಿ ಅಣ್ಣನಿಗೆ ಫೋನು ಮಾಡುವುದು ಸಂಪ್ರದಾಯ. ಅರ್ಚಕನಾದ ಅಣ್ಣ ಪಂಚಾಂಗ ಮಗುಚುವ ಸದ್ದು ಕೇಳಿಸಿತು. "ಗುರುವಾರ ಆಗ್ಬಹುದು. ಅಲ್ಲಿ ತನಕ ಬಾಗಿಲು ಹಾಕಿಡು ಮಾರಾಯ. ಬಾಗಿಲು ಹಾಕ್ಲಿಕ್ಕೆ ಮುಹೂರ್ತ ಬೇಡ."

ಚಿಲಕ ಅಂದೇ ಬಿತ್ತು. ತೆರೆದ ಬಾಗಿಲು ಕಂಡರೆ ಹಾಕದೆ ಮುಂದೆ ಹೋಗಬಾರದೆಂದು ಮಗಳು ಕಟ್ಟಪ್ಪಣೆ ಮಾಡಿದಳು. ಗುರುವಾರ ತುಳಸಿ ಅಡುಗೆಮನೆಯ ಪೂರ್ವದ ಕಿಟಕಿಗೆ ಸಕಲ ಮರ್ಯಾದೆಯೊಂದಿಗೆ ಬಿಜಯಂಗೈದಳು. ಮಧ್ಯಾಹ್ನ ಕೆಲಸದವರು ಬಂದು ನೆಟ್ ಬಿಗಿದು ಹೋದರು. ಉಳಿದದ್ದು ಕುರ್ಚಿ. ಮುಹೂರ್ತವೂ ಮರ್ಯಾದೆಯೂ ಇಲ್ಲದ ಅದಕ್ಕೊಂದು ವಿದಾಯವಾದರೂ ಸಲ್ಲಬೇಕೆಂದು ನಾನು ಕೊನೆಯ ಬಾರಿಗೆ ಕಾಲು ಚಾಚಿ ಕೂತೆ. ಹೆಂಡತಿ ಆ ದಾರಿಯಾಗಿ ಹೋಗುತ್ತ, ತೆರೆದ ಬಾಗಿಲು ಕಂಡು, ಹೊರಗೆ ಇಣುಕಿಯೂ ನೋಡದೆ, ಕರ್ತವ್ಯನಿಷ್ಠೆಯಿಂದ ಚಿಲಕ ಹಾಕಿ, ಒಳಗೆ ಹೋಗಿ ಗ್ರೈಂಡರು ಶುರು ಮಾಡಿದಳು.

ನಾನು ಗಾಜಿನ ಬಾಗಿಲು ಬಡಿದೆ. ಗ್ರೈಂಡರು ಉತ್ತರಿಸಿತು. ಗಾಜಿನಾಚೆ ಅನ್ವಿ ಬಂದು ನಿಂತು, ಬೆರಳೆತ್ತಿ, "ಅಜ್ಜ, ಅಲ್ಲಿ ಹೋಗ್ಲಿಕ್ಕಿಲ್ಲ! ಬೀಳ್ತಿ!" ಎಂದು ಗದರಿಸಿದಳು.

ಪಕ್ಕದ ಬಾಲ್ಕನಿಯಿಂದ ಅಬ್ಬಾಸಾಕ ಕತ್ತು ಚಾಚಿದರು. "ಎಂತ ಭಟ್ರೇ, ನೆಟ್ ಹಾಕಿದ್ದು ಮಗುವಿಗಾ, ನಿಮಗಾ?"

"ನಗುವುದು ಆಮೇಲೆ. ಒಳಗೆ ನನ್ನ ಹೆಂಡತಿಗೊಂದು ಫೋನು ಮಾಡಿ."

ಅವರು ನಗು ಮುಗಿಸಿಯೇ ಫೋನು ಮಾಡಿದರು. ಅಷ್ಟು ಹೊತ್ತು ಬಲೆಯೊಳಗಿನ ಬಂಗುಡೆ ಮೀನಿನಂತೆ ಕೂತಿದ್ದ ನನಗೆ ಒಂದು ವಿಷಯ ಹೊಳೆಯಿತು. ಗಾಜಿನಾಚೆಯ ಆ ಪುಟ್ಟ ಮುಖದಲ್ಲಿದ್ದದ್ದು ಅಧಿಕಾರವಷ್ಟೇ ಅಲ್ಲ, ನಿಜವಾದ ಗಾಬರಿ. ಕಾಯುವುದೆಂದರೆ ಸರದಿಗಾಗಿ ಕೂರುವುದೆಂದೇ ನಾನು ಇಷ್ಟು ದಿನ ತಿಳಿದಿದ್ದೆ. ಕಣ್ಣು ತೆಗೆಯದೆ ಇನ್ನೊಬ್ಬರನ್ನು ಕಾಯುವ ಕೆಲಸವೂ ಒಂದಿದೆ, ಅದಕ್ಕೆ ಆರಾಮ ಕುರ್ಚಿ ಒದಗುವುದಿಲ್ಲ. ಬಾಗಿಲು ತೆರೆದಾಗ ನಾನೇ ಕುರ್ಚಿಯನ್ನು ಮಡಚಿ ಒಳಗೆ ತಂದೆ.

ಈಗ ಸಂಜೆ ನಾನೂ ಅನ್ವಿಯೂ ಬಾಲ್ಕನಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ಹಡಗು ಎರಡು ಕಂಬಿಗಳ ನಡುವೆ, ನೆಟ್ಟಿನ ಚೌಕಗಳಲ್ಲಿ ತುಂಡುತುಂಡಾಗಿ ಕಾಣುತ್ತದೆ. ಎದ್ದೇಳಲು ಮಾತ್ರ ನನಗೆ ಅವಳ ಸಹಾಯ ಬೇಕಾಗುತ್ತದೆ.

ಕುರ್ಚಿ ಮಂಚದ ಅಡಿಯಲ್ಲಿದೆ. ಬಾಲ್ಕನಿಯಲ್ಲಿ ಹತ್ತಲಿಕ್ಕೆ ಏನೂ ಇಲ್ಲ.